ಲಂಡನ್ನಿನ ಸೋಮವಾರ

ಬಳ್ಳಾರಿಯ ಬಿಸಿಲು ಹೇಗಿರುತ್ತದೆ ಎಂದು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೆ ಅವರು ನಂಬುವುದಿಲ್ಲ. ಆದ್ದರಿಂದ ಆ ವಿಷಯ ಬಿಟ್ಟುಬಿಡುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಆ ಊರಿನಲ್ಲಿ ಬೇಸಿಗೆಯನ್ನು ತಣ್ಣಗೆ ಕಳೆಯುವ ಭಾಗ್ಯ ಇದ್ದದ್ದು ಬೆರಳೆಣಿಕೆಯಷ್ಟು ಜನಕ್ಕೆ, ಮತ್ತು ನಮ್ಮ ಸಾಹುಕಾರರ ಆಫೀಸಿನ ಕಂಪ್ಯೂಟರಿಗೆ. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ದಪ್ಪ ಪರದೆ, ಗೋಡೆಯಲ್ಲಿ ಹಗಲಿಡೀ ಗೊರಗುಟ್ಟುವ ಎ.ಸಿ. ಸಾಹುಕಾರರ ವಯಸ್ಸಾದ ತಾಯಿ ಅದೇ ಕಟ್ಟಡದ ಹಿಂಬದಿಯ ಮನೆಯಲ್ಲಿ ಒದ್ದೆ ಸೆರಗು ಹೊದ್ದು, ಬೀಸಣಿಗೆ ಬೀಸಿಕೊಳ್ಳುತ್ತ ಕೂರುತ್ತಿದ್ದರು. ಮಗ ಮುಂಬದಿಯಲ್ಲಿ ಯಂತ್ರಕ್ಕೆ ಸೆಕೆಯಾಗದಂತೆ ನೋಡಿಕೊಳ್ಳುತ್ತಿದ್ದರು.

ಆ ಕೋಣೆಯೊಳಗೆ ಕೂತು ಟೈಪು ಮಾಡುವುದು ನನ್ನ ಕೆಲಸ. ಸಿರುಗುಪ್ಪದ ಹತ್ತಿರದ ಹಳ್ಳಿಯವಳು ನಾನು. ಕೋಟೆ ಗುಡ್ಡದ ಬುಡದಲ್ಲಿದ್ದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಕಾಂ. ಮುಗಿಸಿದ್ದೆ. ಟೈಪಿಂಗ್ ಪರೀಕ್ಷೆ ಪಾಸಾಗಿದ್ದ ಹುಡುಗಿ ಬೇಕಿತ್ತಂತೆ, ನಾನು ಸಿಕ್ಕಿದೆ. ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಸೀನಬಾರದು. ಆಯುಧಪೂಜೆಯ ದಿನ ಯಂತ್ರದ ಹಣೆಗೆ ವಿಭೂತಿ ಹಚ್ಚುವಾಗ ಹಣೆ ಯಾವುದು ಎಂಬ ಬಗ್ಗೆ ಸ್ವಲ್ಪ ವಾದವಾಯಿತು. ಕೊನೆಗೆ ಉಬ್ಬಿದ ಗಾಜಿನ ಪರದೆಯ ಮೇಲ್ಭಾಗವೇ ಹಣೆ ಎಂದು ತೀರ್ಮಾನಿಸಿ ಬಳಿದೆವು, ಒಂದು ವಾರ ಅಕ್ಷರ ಸರಿಯಾಗಿ ಕಾಣಲಿಲ್ಲ.

ಸಾಹುಕಾರರಿಗೆ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ಇತ್ತು. ಸುಗ್ಗಿಯಲ್ಲಿ ಅಲ್ಲಿನ ಗೇಟಿಗೆ ಭತ್ತದ ಗಾಡಿಗಳು ಹಗಲು ರಾತ್ರಿ ಬರುತ್ತಿದ್ದವು. ಯಾರ ಗಾಡಿ ಮೊದಲು ಬಂತು, ಯಾರದ್ದು ಆಮೇಲೆ ಬಂತು ಎಂದು ದಿನಾ ಜಗಳ. ಅದಕ್ಕೆ ಗೇಟಿನ ಗುಮಾಸ್ತ ಗೋಡೆ ಗಡಿಯಾರ ನೋಡಿ ಪ್ರತಿ ಗಾಡಿಗೂ ಒಂದು ಚೀಟಿ ಬರೆಯುತ್ತಿದ್ದ: ಯಾರದ್ದು, ಯಾವ ದಿನ, ಎಷ್ಟು ಹೊತ್ತಿಗೆ. ಚೀಟಿಗಳ ಕಟ್ಟು ಬೆಳಗಿನ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತಿತ್ತು. ನಾನು ಅವನ್ನು ನೋಡಿ ಯಂತ್ರಕ್ಕೆ ಬಡಿಯುತ್ತಿದ್ದೆ. ಇಷ್ಟೇ. ಆದರೆ ನಮ್ಮ ಹಳ್ಳಿಯಲ್ಲಿ ನಾನು ಕಂಪ್ಯೂಟರ್ ನಡೆಸುತ್ತೇನೆ ಎಂದು ಸುದ್ದಿ. ಬಸ್ಸು ನಡೆಸಿದ ಹಾಗೆ.

ಈ ಯಂತ್ರದ ಜತೆಗೆ ಬೆಂಗಳೂರಿನಿಂದ ಒಬ್ಬ ತಜ್ಞರೂ ಬಂದಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಮೇ ತಿಂಗಳ ಬಳ್ಳಾರಿಯಲ್ಲಿ ಟೈ ಕಟ್ಟಿಕೊಂಡು ಓಡಾಡಿದ ಏಕೈಕ ಮನುಷ್ಯ. ಎ.ಸಿ. ಕೋಣೆಯಿಂದ ಅವರು ಹೊರಗೆ ಬರುತ್ತಿದ್ದುದೇ ಕಡಿಮೆ, ಹಾಗಾಗಿ ಬದುಕಿದರು. ಒಂದು ದಿನ ನನ್ನ ಮೇಲೆ ಕೃಪೆ ತೋರಿ ಯಂತ್ರದೊಳಗೆ ಹೊತ್ತು ಹೇಗೆ ಕೂತಿರುತ್ತದೆ ಎಂದು ವಿವರಿಸಿದರು.

“ನೋಡಿ ಮೇಡಂ, ಈ ಯಂತ್ರ ನಡೆಸೋ ಯುನಿಕ್ಸ್‌ಗೆ ವಾರ, ತಿಂಗಳು, ವರ್ಷ ಇವೆಲ್ಲ ಇಲ್ಲ. ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದರಿಂದ ಎಷ್ಟು ಸೆಕೆಂಡ್ ಆಯ್ತು ಅಂತ ಎಣಿಸ್ತಾ ಇರುತ್ತೆ. ಅಷ್ಟೇ.”

“ಅದಕ್ಕಿಂತ ಮುಂಚೆ?”

“ಅದಕ್ಕಿಂತ ಮುಂಚಿನದು ನಮಗೆ ಬೇಕಾಗಿಲ್ಲ.”

ಎಪ್ಪತ್ತರ ಜನವರಿಗೆ ನಾನು ಆಗಲೇ ಸಾಲೆಗೆ ಹೋಗಿ ಮೇಷ್ಟ್ರ ಕೈಯಲ್ಲಿ ಏಟು ತಿನ್ನುತ್ತಿದ್ದೆ. ಆ ಏಟುಗಳೆಲ್ಲ ಲೋಕ ಹುಟ್ಟುವ ಮುಂಚಿನವು ಎಂದು ತಿಳಿದು ಸಮಾಧಾನವಾಯಿತು. ನಮ್ಮಪ್ಪನಂತೂ ಲೋಕಕ್ಕಿಂತ ನಲವತ್ತು ವರ್ಷ ದೊಡ್ಡವನು.

ಅಪ್ಪ ಒಮ್ಮೆ ಆ ಯಂತ್ರ ನೋಡಲೆಂದೇ ಬಳ್ಳಾರಿಗೆ ಬಂದಿದ್ದ. ಚಪ್ಪಲಿ ಬಿಟ್ಟ, ರುಮಾಲು ಸರಿ ಮಾಡಿಕೊಂಡ, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಬಂದ. ನಾನು ಅವನ ಹೆಸರು ಒತ್ತಿ ಪ್ರಿಂಟರಿನಿಂದ ಕಾಗದ ತೆಗೆದುಕೊಟ್ಟೆ. ಅವನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿ, ಮಡಿಸಿ, ರುಮಾಲಿನೊಳಗೆ ಇಟ್ಟುಕೊಂಡ. ಆಮೇಲೆ ತಜ್ಞರನ್ನು ಕೇಳಿದ: “ಸಾಹೇಬ್ರ, ಇದು ತಪ್ಪು ಮಾಡಂಗಿಲ್ಲೇನ್ರಿ?”

“ಮನುಷ್ಯರು ತಪ್ಪು ಮಾಡ್ತಾರೆ, ಕಂಪ್ಯೂಟರ್ ಮಾಡಲ್ಲ ಯಜಮಾನ್ರೇ,” ಎಂದರು ತಜ್ಞರು, ಟೈ ಸವರಿಕೊಳ್ಳುತ್ತ.

ಅಪ್ಪ ಊರಿಗೆ ಹೋದವನೇ ಗುಡಿಯ ಕಟ್ಟೆ, ಕಾಲುವೆ ಸೇತುವೆ, ಹಿಟ್ಟಿನ ಗಿರಣಿ, ಎಲ್ಲಾ ಕಡೆ ಈ ಮಾತು ಹಂಚಿದ. ನಮ್ಮ ಮಗಳ ಮಿಷನ್ನು ತಪ್ಪು ಮಾಡಂಗಿಲ್ಲಂತ. ಸಾಹುಕಾರರಿಗೆ ಇಷ್ಟು ಪ್ರಚಾರವನ್ನು ದುಡ್ಡು ಕೊಟ್ಟರೂ ಯಾರೂ ಮಾಡಿಕೊಡುತ್ತಿರಲಿಲ್ಲ.

ಈಗ ನಮ್ಮಪ್ಪನ ಎತ್ತುಗಳ ವಿಷಯ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಮೈ ತೊಳೆದು, ಮೇವು ಹಾಕಿ, ಸುಮ್ಮನೆ ನಿಲ್ಲಲು ಬಿಡುತ್ತಾರೆ. ಕಾಲುವೆ ನೀರು ಬಂದು ಭತ್ತ ಬೆಳೆದು ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಊರಿಗೆ ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರು ಹುಲ್ಲು ತಿನ್ನುವುದಿಲ್ಲವಾದ್ದರಿಂದ ಅದಕ್ಕೆ ಸೋಮವಾರವಿಲ್ಲ ಎಂದು ಅದನ್ನು ಕೊಂಡವರೇ ಧರ್ಮಶಾಸ್ತ್ರ ಬರೆದುಕೊಂಡರು. ನಮ್ಮೂರಿನ ಮೊದಲ ಟ್ರ್ಯಾಕ್ಟರಿನ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದರ ಮೂತಿಯ ಮೇಲೆ ಬಸವಣ್ಣನ ಚಿತ್ರ ಬರೆಸಿ, ಸೋಮವಾರವೂ ಬಸವಣ್ಣನನ್ನು ಕೆಸರಿನಲ್ಲಿ ಓಡಿಸುತ್ತಿದ್ದರು.

ಅಪ್ಪ ಮಾತ್ರ ಎತ್ತು ಬಿಡಲಿಲ್ಲ. ಸೋಮವಾರ ಹೂಡಲಿಲ್ಲ. ಅವನ ಲೆಕ್ಕದಲ್ಲಿ ಮಂಗಳವಾರ ಕೋಳಿ ಕೂಗಿದ ಮೇಲೆ ಸೋಮವಾರ ಮುಗಿಯುತ್ತಿತ್ತು. ಭತ್ತವನ್ನು ಅವನು ಒಯ್ಯುತ್ತಿದ್ದುದು ಎತ್ತುಗಳ ದಣಿವಾರಿದ ಆ ಹೊತ್ತಿನಲ್ಲೇ. ಆಗ ಗಾಡಿ ಹೂಡಿದರೆ ತಾಸಿನೊಳಗೆ ಸಿರುಗುಪ್ಪದ ಮಿಲ್ಲು; ಬಿಸಿಲೇರುವ ಮುಂಚೆ ಚೀಲ ಇಳಿಸಿ ಎತ್ತುಗಳನ್ನು ತಂಪಿನಲ್ಲೇ ಮನೆಗೆ ತರಬಹುದು.

ಈ ನಿಷ್ಠೆಗೆ ಊರು ಅವನಿಗೆ ಒಂದು ಮರ್ಯಾದೆ ಕೊಟ್ಟಿತ್ತು. ಮುಂಗಾರಿನ ಮಳೆ ಬಿದ್ದು ನೆಲ ಹದವಾದಾಗ ಬಸವಣ್ಣನ ಗುಡಿಯ ಹೊಲದಲ್ಲಿ ಮೊದಲು ಬಿತ್ತಬೇಕು, ಆಮೇಲೆ ಉಳಿದವರ ಎರೆ ಹೊಲಗಳಲ್ಲಿ. ಆ ಮೊದಲ ಕೂರಿಗೆ ಹಿಡಿಯುವುದು ಸೋಮವಾರ ಹೂಡದ ಎತ್ತುಗಳಿದ್ದ ಮನೆಯವರೇ ಆಗಬೇಕು. ಅಜ್ಜನ ಕಾಲದಿಂದ ಅದು ನಮ್ಮ ಮನೆಗೆ ಬಂದಿತ್ತು. ಅಪ್ಪನಿಗೆ ಬೇರೆ ಯಾವ ಹುದ್ದೆಯೂ ಇರಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ, ಪಂಚಾಯಿತಿಯಲ್ಲಿ ಮಾತಾಡಲಿಲ್ಲ. ವರ್ಷಕ್ಕೊಂದು ಬೆಳಿಗ್ಗೆ ಊರೆಲ್ಲ ಬದುವಿನ ಮೇಲೆ ನಿಂತು ಅವನ ಕೈ ನೋಡುತ್ತಿತ್ತು. ಅಷ್ಟು ಅವನಿಗೆ ಸಾಕಾಗಿತ್ತು.

ಆ ವರ್ಷ ಸುಗ್ಗಿಯ ಗಾಡಿಗಳ ವಿವರವನ್ನು ಪ್ರತಿಯೊಬ್ಬ ರೈತನಿಗೂ ಅಚ್ಚು ಹಾಕಿಸಿ ಕೊಡಬೇಕೆಂದು ಸಾಹುಕಾರರಿಗೆ ಆಸೆಯಾಯಿತು. ಭತ್ತ ಬಂದದ್ದು ಚಳಿಗಾಲದಲ್ಲಿ, ಕಾಗದ ಸಿದ್ಧವಾದದ್ದು ಮುಂಗಾರಿನ ಹೊಸ್ತಿಲಲ್ಲಿ. ಕಂಪ್ಯೂಟರಿನಿಂದ ಕೆಲಸ ಬಲು ಬೇಗ ಆಗುತ್ತದೆ.

ತಡವಾಗಲು ಕಾರಣ, ತಜ್ಞರು ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಯಂತ್ರಕ್ಕೆ ಒಂದು ಪ್ರಶ್ನೆ ಬರೆಯುತ್ತಿದ್ದುದು. ಡೇಟಾಬೇಸಿನೊಳಗೆ ಗಾಡಿಗಳ ಹೊತ್ತೆಲ್ಲ ಸೆಕೆಂಡುಗಳಾಗಿ ಕೂತಿತ್ತು, ಉದ್ದುದ್ದ ಅಂಕಿಗಳು. ಅವನ್ನು ರೈತರಿಗೆ ಹಾಗೆಯೇ ಕೊಟ್ಟರೆ ಲಾಟರಿ ನಂಬರು ಎಂದುಕೊಂಡಾರು. ಅದಕ್ಕೆ ತಜ್ಞರು ಸೆಕೆಂಡುಗಳನ್ನು ಎಂಬತ್ತಾರು ಸಾವಿರದ ನಾನೂರರಿಂದ ಭಾಗಿಸಿ ದಿನ ಮಾಡಿದರು. ಬಂದದ್ದನ್ನು ಎಪ್ಪತ್ತರ ಜನವರಿ ಒಂದಕ್ಕೆ ಕೂಡಿಸಿದರು. ವಾರ, ತಾರೀಖು, ಗಂಟೆ, ನಿಮಿಷ ಎಲ್ಲ ಸಾಲಾಗಿ ಹೊರಬಿದ್ದವು. ಒಂದೇ ಸಾಲಿನಲ್ಲಿ ಮುಗಿಸಿದೆ ಎಂದು ಅವರು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಸಾಹುಕಾರರು ಪೇಡೆ ಹಂಚಿದರು, ನಾನೂ ತಿಂದೆ. ಕಾಗದಗಳು ಸಿರುಗುಪ್ಪಕ್ಕೆ ಹೋದವು.

ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನು ಊರಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ. ಎರಡೂ ಅಂಗಾಲುಗಳಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ಅವ್ವ ಬೇವಿನೆಣ್ಣೆ ಹಚ್ಚುತ್ತಿದ್ದಳು. ಏನಾಯಿತು ಎಂದು ಕೇಳಿದೆ, ಅಪ್ಪ ಕೊಟ್ಟಿಗೆ ಕಡೆ ನೋಡಿದ. ಅವ್ವ ನನ್ನನ್ನು ಅಡಿಗೆಮನೆಗೆ ಕರೆದಳು.

“ಬರಿಗಾಲಿಲೆ ಕುರುಗೋಡಿಗೆ ಹೋಗಿ ಬಂದಾನ ನಿಮ್ಮಪ್ಪ. ಬಸವಣ್ಣನ ಮುಂದ ತಪ್ಪಾತು ಅಂತ ಕಾಯಿ ಒಡ್ಸಾಕ.”

“ಯಾ ತಪ್ಪು?”

“ನಿನ್ನ ಮಿಷನ್ನು ಹೇಳಿದ್ದಲೇ ಯವ್ವಾ. ಸೋಮಾರ ಹೂಡ್ಯಾನಂತ.”

ನಡೆದದ್ದು ಇಷ್ಟು. ಬುಧವಾರ ಮಿಲ್ಲಿನ ಅಂಗಳದಲ್ಲಿ ರೈತರನ್ನೆಲ್ಲ ಕೂಡಿಸಿ ಕಾಗದ ಹಂಚಿದ್ದರು. ಅಚ್ಚು ಇಂಗ್ಲಿಷಿನಲ್ಲಿದ್ದುದರಿಂದ ಗೇಟಿನ ಗುಮಾಸ್ತ ಒಬ್ಬೊಬ್ಬರದ್ದನ್ನೂ ದೊಡ್ಡ ದನಿಯಲ್ಲಿ ಕನ್ನಡಕ್ಕೆ ಓದಿ ಹೇಳಿದ. ಅಪ್ಪನ ಪಾಳಿ ಬಂದಾಗ ಓದಿದ: “ಸೋಮವಾರ, ರಾತ್ರಿ ಹನ್ನೊಂದೂ ಕಾಲು.” ಗುಮಾಸ್ತ ಮುಂದಿನ ಸಾಲು ಓದಿದ. ಅದೂ ಸೋಮವಾರ. ಮೂರನೆಯದೂ ಸೋಮವಾರ. ಸುಗ್ಗಿ ಮುಗಿದು ಅಷ್ಟು ತಿಂಗಳಾದ ಮೇಲೆ, ತಾನು ಬರೆದ ಚೀಟಿಯಲ್ಲಿ ಏನಿತ್ತೆಂದು ಅವನಿಗೇ ನೆನಪಿರಲಿಲ್ಲ. ನೆನಪಿದ್ದರೂ ಮಿಷನ್ನಿನ ಎದುರು ಬಾಯಿ ತೆಗೆಯುವ ಧೈರ್ಯ ಯಾರಿಗಿತ್ತು?

ಟ್ರ್ಯಾಕ್ಟರಿನ ಯಜಮಾನರು ಮಾತ್ರ ಬಾಯಿ ತೆಗೆದರಂತೆ. “ಏನೋ ದೊಡ್ಡ ಮನಷ್ಯಾ, ಊರಿಗೆಲ್ಲ ಸೋಮಾರದ ಪುರಾಣ ಹೇಳ್ತಿದ್ದಿ. ಕತ್ಲಾಗಿನ ಮ್ಯಾಲೆ ಕದ್ದು ಹೂಡ್ತಿದ್ದೇನು? ನಿನ್ನ ಮಗಳ ಮಿಷನ್ನ ಹೇಳ್ತೈತಿ ನೋಡು. ಅದು ತಪ್ಪು ಮಾಡಂಗಿಲ್ಲಂತ ನೀನ ಹೇಳಿದ್ದಿ.”

ಅಪ್ಪ ಒಂದು ಮಾತೂ ಆಡದೆ ಎಲ್ಲರಿಗೂ ಕೈ ಮುಗಿದು ಬಂದನಂತೆ. ಸಂಜೆ ಹಿರಿಯರು ಗುಡಿಯಲ್ಲಿ ಕೂಡಿ, ಮೊದಲ ಕೂರಿಗೆ ಈ ವರ್ಷದಿಂದ ಬೇರೆ ಮನೆಗೆ ಎಂದು ಹೇಳಿ ಕಳಿಸಿದರು. ಯಾರ ಮನೆಗೆ? ಟ್ರ್ಯಾಕ್ಟರಿನ ಯಜಮಾನರ ಮನೆಗೆ. ಅವರ ಹತ್ತಿರ ಎತ್ತೇ ಇರಲಿಲ್ಲ. ಎತ್ತೇ ಇಲ್ಲದ ಮೇಲೆ ಸೋಮವಾರ ಹೂಡುವ ಪ್ರಶ್ನೆ ಎಲ್ಲಿ ಬರುತ್ತದೆ? ಅವರು ಪರಮ ಪರಿಶುದ್ಧರು. ಬೀಗರ ಊರಿಂದ ಒಂದು ಜೋಡಿ ಎರವಲು ತರಿಸುತ್ತೇನೆಂದು ಒಪ್ಪಿಕೊಂಡರು. ಮಳೆ ಬಿದ್ದು ಹದವಾಗುತ್ತಿತ್ತು. ಬಿತ್ತನೆ ಬರುವ ಗುರುವಾರ ಎಂದು ಗೊತ್ತುಮಾಡಿದರು.

ನಾನು ಅಪ್ಪನ ಹತ್ತಿರ ಹೋಗಿ ಕೂತೆ. “ಅಪ್ಪಾ, ಸೋಮಾರ ಹೂಡಿದ್ದೇನು?”

“ಕಾಗದದಾಗ ಐತೆಲ್ಲಮ್ಮ.”

“ಕಾಗದ ಸುಡು. ನೀ ಹೂಡಿದ್ದೇನು ಹೇಳು.”

“ಮಿಷನ್ನು ತಪ್ಪು ಮಾಡಂಗಿಲ್ಲಲ್ಲ,” ಎಂದ. ಎದ್ದು ಕುಂಟುತ್ತ ಎತ್ತುಗಳ ಹತ್ತಿರ ಹೋದ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ವಯಸ್ಸಾಗಿ ಮರೆವು ಹಿಡಿದು ತನ್ನ ನೆನಪಿಗಿಂತ ಒಂದು ಕಾಗದವನ್ನು ಹೆಚ್ಚು ನಂಬುವಂತಾಗಿದ್ದಾನೆ ಎಂದುಕೊಂಡೆ. ಅಪ್ಪ ಸೋಮವಾರ ಹೂಡುವವನಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಹುಟ್ಟುವಾಗ ಅವ್ವನನ್ನು ಹೆರಿಗೆಗೆಂದು ಸಿರುಗುಪ್ಪಕ್ಕೆ ಕರೆದೊಯ್ದದ್ದು ಒಂದು ಸೋಮವಾರ, ಕಂಡವರ ಕೈಕಾಲು ಹಿಡಿದು ಲಾರಿಯಲ್ಲಿ. ಮನೆಯಲ್ಲಿ ಗಾಡಿಯಿತ್ತು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ತಜ್ಞರ ಮುಂದೆ ನಿಂತೆ. ನಿಮ್ಮ ಕಾಗದ ತಪ್ಪಾಗಿದೆ ಎಂದೆ. ಅವರು ನಕ್ಕರು. ಚೀಟಿ ಬಡಿದವರು ನೀವು, ತಪ್ಪಿದ್ದರೆ ನಿಮ್ಮ ಬೆರಳಿನದು ಎಂದರು. ಟೈಪಿನಲ್ಲಿ ಬೆರಳು ತಪ್ಪಿದರೆ ಒಂದು ಚೀಟಿ ತಪ್ಪೀತು. ಮೂರಕ್ಕೆ ಮೂರೂ ಮಂಗಳವಾರಗಳನ್ನು ಹುಡುಕಿ ಸೋಮವಾರ ಮಾಡಲು ನನ್ನ ಬೆರಳಿಗೆ ಅಪ್ಪನ ಮೇಲೆ ಏನು ದ್ವೇಷ? ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಕೂತು ತಜ್ಞರ ಹೆಸರಿನಲ್ಲೇ ಒಂದು ಭತ್ತದ ಗಾಡಿ ಬಡಿದೆ: ಈ ದಿನ, ಹನ್ನೊಂದೂವರೆ. ಆಮೇಲೆ ಅವರ ಆ ಪ್ರಸಿದ್ಧ ಒಂದೇ ಸಾಲನ್ನು ಓಡಿಸಿದೆ. ಪ್ರಿಂಟರು ಕರಕರ ಎಂದು ಕಾಗದ ಉಗುಳಿತು. ತಜ್ಞರ ಗಾಡಿ ಬೆಳಗಿನ ಆರು ಗಂಟೆಗೆ ಬಂದಿತ್ತು.

“ಸರ್, ಆರು ಗಂಟೆಗೆ ನೀವು ಎಲ್ಲಿದ್ರಿ?” ಎಂದೆ.

ಅವರು ಕಾಗದ ನೋಡಿದರು, ಗಡಿಯಾರ ನೋಡಿದರು. ಎ.ಸಿ.ಯಲ್ಲೂ ಅವರ ಟೈ ಬಿಗಿಯಾದಂತೆ ಕಂಡಿತು. ಅದನ್ನು ಸಡಿಲಿಸುತ್ತ ಹೇಳಿದರು: “ಇದು ತಪ್ಪಲ್ಲ ಮೇಡಂ. ಸರಿಯಾಗೇ ಇದೆ. ಲಂಡನ್ ಟೈಮ್ ಪ್ರಕಾರ.”

ಅವರು ಆಮೇಲೆ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಾವು ಬಡಿಯುವುದು ನಮ್ಮ ಗೋಡೆ ಗಡಿಯಾರದ ಹೊತ್ತು. ಯಂತ್ರ ಅದನ್ನು ಒಳಗೆ ತೆಗೆದುಕೊಳ್ಳುವಾಗ ಐದೂವರೆ ತಾಸು ಕಳೆದು ಲಂಡನ್ನಿನ ಹೊತ್ತು ಮಾಡಿಕೊಂಡು ಸೆಕೆಂಡು ಎಣಿಸುತ್ತದೆ. ಹೊರಗೆ ತೆಗೆಯುವಾಗ ಆ ಐದೂವರೆ ತಾಸನ್ನು ತಿರುಗಿ ಕೂಡಿಸಬೇಕು. ತಜ್ಞರು ಕೂಡಿಸಿರಲಿಲ್ಲ. ಸಿರುಗುಪ್ಪದಲ್ಲಿ ಮಂಗಳವಾರ ಕೋಳಿ ಕೂಗಿ ಗಾಡಿ ಮಿಲ್ಲಿಗೆ ಬಂದಾಗ ಲಂಡನ್ನಿನಲ್ಲಿ ಇನ್ನೂ ಸೋಮವಾರ ರಾತ್ರಿ. ನಮ್ಮಪ್ಪ ಎತ್ತು ಹೂಡಿದ್ದು ಲಂಡನ್ನಿನ ಸೋಮವಾರ. ಇಂಗ್ಲಿಷರು ದೇಶ ಬಿಟ್ಟು ನಲವತ್ತು ವರ್ಷವಾದ ಮೇಲೂ ಅವರ ಗಡಿಯಾರ ಬಂದು ನಮ್ಮೂರ ಗುಡಿಯ ಹೊಲದಿಂದ ನಮ್ಮಪ್ಪನನ್ನು ಎಬ್ಬಿಸಿತ್ತು.

ಇದು ಬೇರೆ ಯಾರ ಗಮನಕ್ಕೂ ಯಾಕೆ ಬರಲಿಲ್ಲ ಎಂದರೆ, ಎಲ್ಲರ ಗಾಡಿಯೂ ಒಂದೇ ಅಳತೆಯಲ್ಲಿ ಹಿಂದಕ್ಕೆ ಸರಿದಿತ್ತು. ಮೊದಲು ಬಂದವನು ಮೊದಲೇ ಇದ್ದ, ಆಮೇಲೆ ಬಂದವನು ಆಮೇಲೆಯೇ. ಹಗಲು ಹೊತ್ತಿನಲ್ಲಿ ಬಂದವರ ವಾರ ಬದಲಾಗಲಿಲ್ಲ. ಹೊತ್ತು ಯಾವುದಾದರೇನು ಎಂದು ಮಡಿಸಿ ಜೇಬಿಗಿಟ್ಟರು. ತನ್ನ ಕಾಲು ತುಳಿಯದ ತಪ್ಪನ್ನು ಬಗ್ಗಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ತಜ್ಞರು ಆ ಸಾಲಿನಲ್ಲಿ ಹತ್ತೊಂಬತ್ತು ಸಾವಿರದ ಎಂಟುನೂರು ಎಂಬ ಒಂದು ಅಂಕಿ ಸೇರಿಸಿದರು. ಐದೂವರೆ ತಾಸಿನ ಸೆಕೆಂಡುಗಳು ಅವು. ಟೀ ತಣ್ಣಗಾಗುವುದರೊಳಗೆ ಮುಗಿಯಿತು. ನಮ್ಮಪ್ಪನ ಅಂಗಾಲಿನ ಗುಳ್ಳೆ ಅಷ್ಟು ಬೇಗ ಮಾಯುವಂತಿರಲಿಲ್ಲ.

ತಪ್ಪಾಯಿತೆಂದು ಒಂದು ಸಾಲು ಬರೆದುಕೊಡಿ ಎಂದು ಸಾಹುಕಾರರನ್ನು ಕೇಳಿದೆ. ಅವರು ನನ್ನನ್ನು ಮಗುವಿಗೆ ಹೇಳುವ ಹಾಗೆ ಕೂರಿಸಿ ಹೇಳಿದರು: “ಅಮ್ಮಾ, ಇಷ್ಟು ರೊಕ್ಕ ಹಾಕಿ ತಂದಿದ್ದು ತಪ್ಪು ಮಾಡ್ತೈತಿ ಅಂದ್ರ ನನ್ನ ಮಾನ ಏನಾಗಬೇಕು? ಹೊಸಾ ಕಾಗದ ತಗಸು. ಮ್ಯಾಲೆ ‘ಪರಿಷ್ಕೃತ’ ಅಂತ ಹಾಕು. ಸಾಕು.” ಸಾಹುಕಾರರ ಮಾನ, ಯಂತ್ರದ ಮಾನ, ತಜ್ಞರ ಮಾನ, ಎಲ್ಲಕ್ಕೂ ಆ ಆಫೀಸಿನಲ್ಲಿ ಜಾಗವಿತ್ತು. ಪರಿಷ್ಕೃತ ಎಂಬ ಪದ ಎಷ್ಟು ಅನುಕೂಲದ್ದು ಎಂದು ಅಂದು ತಿಳಿಯಿತು.

ಬುಧವಾರ ಹೊಸ ಕಾಗದಗಳು ಕೈಗೆ ಬಂದವು. ರಜೆ ಕೇಳಲಿಲ್ಲ, ಹೇಳಿ ಹೊರಟೆ. ಸಿರುಗುಪ್ಪದಲ್ಲಿ ಬಸ್ಸಿಳಿದು, ಹಚ್ಚೊಳ್ಳಿ ಕಡೆ ಹೋಗುತ್ತಿದ್ದ ಒಂದು ಟ್ರ್ಯಾಕ್ಟರಿನ ಟ್ರೈಲರ್ ಹತ್ತಿ, ಹೊತ್ತು ಮುಳುಗುವ ಹೊತ್ತಿಗೆ ಊರು ಸೇರಿದೆ. ಹೌದು, ಟ್ರ್ಯಾಕ್ಟರೇ. ಅಷ್ಟು ಅವಸರದಲ್ಲಿ ತತ್ವ ನೋಡಲಾಗುವುದಿಲ್ಲ.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು, ನಾಳಿನ ಬಿತ್ತನೆಯ ಮಾತು ನಡೆದಿತ್ತು. ಅಪ್ಪ ಒಂದು ಮೂಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ನಾನು ಕಾಗದ ಬಿಚ್ಚಿ ಓದಿದೆ: ಮಂಗಳವಾರ, ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಮಿಷನ್ನು ಲಂಡನ್ ಹೊತ್ತು ಬರೆದಿತ್ತು, ಈಗ ನಮ್ಮ ಹೊತ್ತು ಬರೆದಿದೆ ಎಂದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಲಂಡನ್ನಿಗೂ ನಮ್ಮೂರ ಭತ್ತಕ್ಕೂ ಏನು ಸಂಬಂಧ ಎಂದು ಅವರಿಗೆ ತಿಳಿಯಲಿಲ್ಲ. ನ್ಯಾಯವಾಗಿ ಯಾರಿಗೂ ತಿಳಿಯಬಾರದು.

ಟ್ರ್ಯಾಕ್ಟರಿನ ಯಜಮಾನರು ಹೆಗಲ ಮೇಲಿನ ಟವೆಲ್ಲು ಕೊಡವಿದರು. “ಮಗಳು ಬಡದ ಕಾಗದ. ಅಪ್ಪಗ ಮಂಗಳಾರ ಅಂತ ಹಾಕ್ದ ಇನ್ನೇನ್ ಹಾಕ್ತಾಳ್ರಿ? ಒಂದು ಕಾಗದ ಸೋಮಾರ ಅಂತೈತಿ, ಒಂದು ಮಂಗಳಾರ ಅಂತೈತಿ. ಮೊದ್ಲು ಬಂದಿದ್ದ ಖರೇ.”

ಅದಕ್ಕೆ ಹಲವರು ತಲೆಯಾಡಿಸಿದರು. ನನ್ನ ಮೈ ಉರಿಯಿತು. ಆದರೆ ಯಜಮಾನರ ಬಿಳಿ ಅಂಗಿಯ ತೆಳು ಜೇಬಿನಲ್ಲಿ ಹಳೆಯ ಕಾಗದದ ಮಡಿಕೆ ಕಾಣುತ್ತಿತ್ತು. ಅದನ್ನು ಅವರು ಊರೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಾರೆ ಎಂದು ಅವ್ವ ಹೇಳಿದ್ದಳು.

“ಆತ್ರಿ ಕಾಕಾ,” ಎಂದೆ. “ಹಳೇದ ಖರೇ ಅಂತ ಇಟ್ಕಳಾಣ. ನಿಮ್ಮದರಾಗ ಎಷ್ಟೊತ್ತು ಐತಿ?”

“ಮೂರೂವರಿ!” ಎಂದರು ಯಜಮಾನರು, ಎದೆ ಮುಂದೆ ಮಾಡಿ. “ಕೋಳಿ ಏಳಾಕ ಮುಂಚೆ ಮಿಲ್ಲಿನಾಗ ಇರಾವ ನಾನು. ಮಿಷನ್ನ ಹೇಳೈತಿ.”

ಹಿಂದಿನಿಂದ ಒಬ್ಬ ಮುದುಕಿ ನಕ್ಕಳು. ಸೇತುವೆ ಪಕ್ಕದ ಮನೆಯವಳು. “ಎಲಾ ಇವನ! ಈ ಸುಗ್ಗ್ಯಾಗ ನೀ ಮಿಲ್ಲಿಗೆ ಹೊಂಟಿದ್ದು ಒಂದ ಸಲ. ಕಾಲಿವಿ ಸೇತುವಿ ಮ್ಯಾಲೆ ನಿನ್ನ ಟ್ರ್ಯಾಕ್ಟರ್ ಕೆಟ್ಟು ನಿಂತಾಗ ಸಾಲಿ ಹುಡುಗ್ರೆಲ್ಲ ನೂಕಿದ್ರಲ್ಲೋ. ಮೂರೂವರಿಗೆ ಯಾ ಸಾಲಿ ತೆಗದಿತ್ತಲೇ?”

ಕಟ್ಟೆಯ ಮೇಲೆ ಕೂತಿದ್ದ ಹಿರಿಯರಲ್ಲಿ ಇಬ್ಬರ ಮೊಮ್ಮಕ್ಕಳು ಆ ದಿನ ಟ್ರ್ಯಾಕ್ಟರು ನೂಕಿ ಶನಿವಾರದ ಬೆಳಗಿನ ಸಾಲೆಗೆ ತಡವಾಗಿ ಹೋಗಿ ಏಟು ತಿಂದಿದ್ದರು. ನಗು ಒಂದು ಮೂಲೆಯಿಂದ ಎದ್ದು ಗುಡಿಯ ತುಂಬ ಹರಡಿತು. ಲಂಡನ್, ಸೆಕೆಂಡು, ಐದೂವರೆ ತಾಸು ಯಾವುದೂ ಅರ್ಥವಾಗದವರಿಗೆ, ಟ್ರ್ಯಾಕ್ಟರಿನ ಯಜಮಾನರು ಮೂರೂವರೆಗೆ ಎದ್ದಿದ್ದಾರೆ ಎನ್ನುವ ಮಿಷನ್ನು ಸುಳ್ಳು ಎಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು. ಯಜಮಾನರು ಕಾಗದವನ್ನು ಜೇಬಿನ ಇನ್ನೂ ಒಳಕ್ಕೆ ತುರುಕಿ, ಬೀಗರ ಎತ್ತಿಗೆ ಯಾಕೋ ಮೈ ಸರಿಯಿಲ್ಲವಂತೆ ಎಂದರು. ಹಿರಿಯರು ಅಪ್ಪನ ಕಡೆ ತಿರುಗಿ, ನಾಳೆ ನೀನೇ ಹಿಡಿಯಪ್ಪಾ ಎಂದರು. ಕ್ಷಮಿಸು ಎಂದು ಯಾರೂ ಅನ್ನಲಿಲ್ಲ. ಅವರದ್ದೂ ಪರಿಷ್ಕೃತ ತೀರ್ಮಾನ.

ಗುರುವಾರ ಬೆಳಿಗ್ಗೆ ಅಪ್ಪ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂರಿಗೆ ಹಿಡಿದ. ಸಾಲುಗಳು ನೇರವಾಗಿ ಬಂದವು. ಬದುವಿನ ಮೇಲೆ ನಿಂತು ನಾನು ಜೋರಾಗಿ ಅತ್ತೆ, ಯಾರು ನೋಡಿದರೂ ನನಗೆ ಚಿಂತೆಯಿರಲಿಲ್ಲ.

ಇಷ್ಟಕ್ಕೆ ಮುಗಿಯಿತೆಂದು ಅಂದುಕೊಂಡಿದ್ದೆ. ಮುಂದಿನ ಸುಗ್ಗಿಯಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಮಂಗಳವಾರ ಕೋಳಿ ಕೂಗಿತು, ಎಚ್ಚರವಾಯಿತು. ಗಾಡಿಯ ಸದ್ದು ಕೇಳಲಿಲ್ಲ. ಮತ್ತೆ ಕೂಗಿತು. ಬೆಳಕು ಬಿಡುತ್ತ ಬಂತು. ಹೊರಗೆ ಹೋಗಿ ನೋಡಿದರೆ ಚೀಲ ಹೇರಿದ ಗಾಡಿ ಅಂಗಳದಲ್ಲಿತ್ತು; ಅಪ್ಪ ಕಂಬಳಿ ಹೊದ್ದು ನೊಗದ ಪಕ್ಕ ಕೂತಿದ್ದ. ಎತ್ತುಗಳು ಗೂಟದಲ್ಲಿ.

“ಯಾಕಪ್ಪಾ, ಹೂಡಲಿಲ್ಲ? ಬರೋ ಹೊತ್ತಿಗೆ ಬಿಸ್ಲಾಗತೈತಿ.”

“ಲಂಡನ್ನಾಗೂ ಸೋಮಾರ ಮುಗೀಲಿ,” ಎಂದ.

ತಮಾಷೆಯೆಂದು ನಕ್ಕೆ. ಅವನು ನಗಲಿಲ್ಲ. ಅವ್ವ ಒಳಗಿನಿಂದ, ಮಂಗಳವಾರ ಬಂದರೆ ಹೀಗೇ ಕೂತಿರುತ್ತಾನೆ ಎಂದಳು.

“ಅದನ್ನ ಸರಿ ಮಾಡೀವಿ ಅಪ್ಪಾ. ಈಗ ತಪ್ಪು ಬರಂಗಿಲ್ಲ.”

“ನೀ ಸರಿ ಮಾಡೀದಿ. ನಾಳಿಗೆ ಬ್ಯಾರೆ ಯಾವನರ ಟೈ ಕಟ್ಗೊಂಡು ಬಂದು ತಿರುಗಿ ಲಂಡನ್ ಮಾಡಿದ್ರ?”

ಆಮೇಲೆ ಇಷ್ಟೂ ವರ್ಷ ನಾನು ಕಂಡ ತಜ್ಞರನ್ನೆಲ್ಲ ನೆನೆದರೆ, ಅಪ್ಪನ ಲೆಕ್ಕ ತಪ್ಪಲ್ಲ ಎನಿಸುತ್ತದೆ. ಆದರೆ ಆಗ ನನಗೆ ತಟ್ಟಿದ್ದು ಬೇರೆ. ನಾನು ಅವನ ಪಕ್ಕ ಕೂತು ಕೇಳಿದೆ: “ಅವತ್ತು ನಿನಗ ನೆನಪಿತ್ತೇನು, ಮಂಗಳಾರ ಹೂಡಿದ್ದು?”

“ನೆನಪಿಲ್ದ ಏನು. ಎತ್ತಿಗೂ ನೆನಪೈತಿ.”

“ಮತ್ಯಾಕ ಬಾಯಿ ಬಿಡ್ಲಿಲ್ಲ? ಮಿಷನ್ನು ಸುಳ್ಳು ಅಂತ ಒಂದು ಮಾತು ಅನ್ನಬೇಕಿತ್ತಿಲ್ಲ? ಬರಿಗಾಲಿಲೆ ಯಾಕ ಹೋದಿ?”

ಅಪ್ಪ ಎತ್ತುಗಳನ್ನು ನೋಡುತ್ತ ಹೇಳಿದ: “ನಿನ್ನ ಮಿಷನ್ನು ಸುಳ್ಳಾಡ್ತೈತಿ ಅಂತ ಸಾಹುಕಾರ್ರ ಅಂಗಳದಾಗ ನಿಂತು ನಾ ಹೆಂಗ ಅನ್ಲೆವ್ವಾ? ಕೂರಿಗಿ ಏನು, ನಾ ಬಿಟ್ರ ಇನ್ನೊಬ್ರು ಹಿಡೀತಾರ. ನಿನ್ನ ಕುರ್ಚಿ ಇನ್ನೊಬ್ರು ಹಿಡದ್ರ?”

ಅವನ ಕಂಬಳಿಯ ಒಂದು ತುದಿ ಎಳೆದು ನಾನೂ ಹೊದ್ದುಕೊಂಡೆ. ಬೆಳಕಾದಾಗ ಅಪ್ಪ ನನ್ನ ಮುಂಗೈ ಹಿಡಿದು ಗಡಿಯಾರ ತನ್ನ ಕಡೆ ತಿರುಗಿಸಿಕೊಂಡು, ಮುಳ್ಳು ಓದಲು ಬಾರದೆ, ನನ್ನ ಮುಖ ನೋಡಿದ. ಐದೂವರೆ ದಾಟಿತ್ತು, ಲಂಡನ್ನಿನಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗಿತ್ತು.

“ಮುಗೀತಪ್ಪಾ,” ಎಂದೆ.

ಅವನು ಕಂಬಳಿ ಕೊಡವಿ ಎದ್ದು ನೊಗ ಎತ್ತಿದ.